ಪಟ್ಟಿ ಮೊದಲು ಯಾರ ಕೈಗೆ ಬರಬೇಕು?

ಇವರಿಗೆ,
ಮಾನ್ಯ ಆಯುಕ್ತರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು, ಬೆಂಗಳೂರು
ಹಾಗೂ
ಮಾನ್ಯ ಜಿಲ್ಲಾಧಿಕಾರಿಗಳು, ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳು

ವಿಷಯ: ಸಾಂಕ್ರಾಮಿಕ ರೋಗದ ವರದಿ ರೋಗಿಯ ಸ್ವಂತ ಊರಿನ ಉಪಕೇಂದ್ರಕ್ಕೆ ಅದೇ ದಿನ ತಲುಪುವಂತೆಯೂ, ರೋಗಿಯ ಹೆಸರು ಊರವರ ಬಾಯಿಗೆ ಬೀಳದಂತೆಯೂ ಮಾಡುವ ಬಗ್ಗೆ.

ಮಾನ್ಯರೇ,

ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲೂಕಿನ ಒಂದು ಉಪಕೇಂದ್ರದಲ್ಲಿ ಹತ್ತೊಂಬತ್ತು ವರ್ಷ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ದುಡಿದು, 2023ರಲ್ಲಿ ನಿವೃತ್ತಳಾದವಳು ನಾನು. ಊರಿನ ಹೆಸರನ್ನು ಈ ಪತ್ರದಲ್ಲಿ ಬರೆಯುತ್ತಿಲ್ಲ. ಅದು ನಾಲ್ಕು ನೂರು ಮನೆಗಳ ಊರು. ಊರಿನ ಹೆಸರು ಬರೆದರೆ ಮನೆ ಗುರುತಾಗುತ್ತದೆ, ಮನೆ ಗುರುತಾದರೆ ಮನುಷ್ಯನೂ ಗುರುತಾಗುತ್ತಾನೆ. ಹಾಗೆ ಆಗಬಾರದು ಎಂಬುದೇ ಈ ಪತ್ರದ ಅರ್ಧ ಮಾತು. ಇನ್ನರ್ಧ ಏನೆಂದರೆ, ಆ ಮನೆ ಯಾರಿಗೆ ಗೊತ್ತಾಗಲೇಬೇಕಾಗಿತ್ತೋ ಅವರಿಗೆ ಗೊತ್ತಾಗಲಿಲ್ಲ. ನಾನು ಕಣ್ಣಾರೆ ಕಂಡ ಎರಡು ಸಂಗತಿಗಳನ್ನು ಮೊದಲು ತಮ್ಮ ಮುಂದೆ ಇಡುತ್ತೇನೆ.

2020ರ ಜೂನ್. ಮಹಾರಾಷ್ಟ್ರದಿಂದ ಮರಳಿ ಬಂದಿದ್ದ ನಮ್ಮೂರಿನ ಲಾರಿ ಚಾಲಕನೊಬ್ಬನ ಗಂಟಲು ದ್ರವದ ವರದಿ ಪಾಸಿಟಿವ್ ಬಂತು. ಊರಿನ ಮೊದಲ ಕೋವಿಡ್ ಪ್ರಕರಣ. ನಾನು ಅಂದು ಬೆಳಿಗ್ಗೆ ಬಾಣಂತಿಯೊಬ್ಬಳನ್ನು ನೋಡಲು ಹೊರಟಿದ್ದೆ. ಕಿರಾಣಿ ಅಂಗಡಿಯವರು ನನ್ನನ್ನು ನಿಲ್ಲಿಸಿ, ತಮ್ಮ ಮೊಬೈಲ್ ಮುಂದೆ ಹಿಡಿದು, ‘ಇದು ನಿಜವೇ, ಸಿಸ್ಟರ್?’ ಎಂದು ಕೇಳಿದರು. ಅದರಲ್ಲಿ ಒಂದು ಪಟ್ಟಿ ಇತ್ತು. ಹೆಸರು, ತಂದೆಯ ಹೆಸರು, ವಯಸ್ಸು, ಓಣಿ, ಫೋನ್ ನಂಬರ್ ಎಲ್ಲವೂ ಇದ್ದವು. ನನಗೆ ಇಲಾಖೆಯಿಂದ ಕರೆ ಬಂದದ್ದು ಸಂಜೆ ನಾಲ್ಕೂವರೆಗೆ. ಅಷ್ಟರಲ್ಲಿ ಆ ಓಣಿಯ ಎರಡೂ ಬಾಯಿಗೆ ಜಾಲಿ ಮುಳ್ಳು ಬಿದ್ದಿತ್ತು. ಹಾಲು ಹಾಕುವವರು ಹಾಲು ನಿಲ್ಲಿಸಿದ್ದರು. ಗಿರಣಿಯವರು ಆ ಮನೆಯ ಜೋಳ ಬೀಸಲು ಒಪ್ಪಲಿಲ್ಲ. ಚಾಲಕ ಗುಣವಾಗಿ ಬಂದ ಮೇಲೂ ಅವನ ಹೆಂಡತಿಯನ್ನು ಆ ಮುಂಗಾರಿನಲ್ಲಿ ಒಬ್ಬರೂ ಕಳೆ ತೆಗೆಯಲು ಕರೆಯಲಿಲ್ಲ.

ಆ ಪಟ್ಟಿ ಎಲ್ಲಿಂದ ಸೋರಿತು ಎಂದು ಯಾರೂ ಹುಡುಕಲಿಲ್ಲ. ಹುಡುಕುವ ದಾರಿಯೂ ಇರಲಿಲ್ಲ. ಅದು ಕಂಪ್ಯೂಟರಿನಲ್ಲಿ ತಯಾರಾದ ಹಾಳೆ. ಎಷ್ಟು ಮೊಬೈಲ್ ದಾಟಿ ನಮ್ಮೂರಿಗೆ ಬಂತು ಎಂಬುದಕ್ಕೆ ಎಲ್ಲಿಯೂ ದಾಖಲೆ ಇಲ್ಲ. ಆ ವರ್ಷದ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿಯೇ, ವಿದೇಶದಿಂದ ಬಂದು ಮನೆಯಲ್ಲಿ ಕ್ವಾರಂಟೈನ್ ಆಗಿದ್ದವರ ವಿಳಾಸಗಳನ್ನು ಜಿಲ್ಲಾವಾರು ಬಹಿರಂಗಪಡಿಸಲಾಗಿತ್ತು. ದೊಡ್ಡವರೇ ವಿಳಾಸ ಹೊರಗಿಟ್ಟ ಮೇಲೆ ಸಣ್ಣವರು ಹಿಂಜರಿಯುವುದೇಕೆ? ಬಾಗಿಲಿಗೆ ಅಂಟಿಸುತ್ತಿದ್ದ ಭಿತ್ತಿಪತ್ರದ ಬಗ್ಗೆ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಮಾತನಾಡಿತು. ವಿಪತ್ತು ನಿರ್ವಹಣಾ ಕಾಯ್ದೆಯಡಿ ಸಕ್ಷಮ ಪ್ರಾಧಿಕಾರದ ನಿರ್ದೇಶನವಿಲ್ಲದೆ ಅಂಟಿಸಬಾರದು ಎಂದಿತು. ನಮ್ಮೂರಿನ ಮುಳ್ಳು ಅಷ್ಟರಲ್ಲಿ ಒಣಗಿತ್ತು.

ಎರಡನೆಯದು 2021ರ ಏಪ್ರಿಲ್ ಕೊನೆಯ ವಾರದ್ದು. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಹಮಾಲಿ ಮಾಡುತ್ತಿದ್ದ ನಮ್ಮೂರಿನ ಯುವಕನಿಗೆ ಜ್ವರ ಬಂತು. ಅಲ್ಲಿಯೇ ಒಂದು ಖಾಸಗಿ ಪ್ರಯೋಗಾಲಯದಲ್ಲಿ ತಪಾಸಣೆ ಮಾಡಿಸಿದ. ವಿಳಾಸದ ಜಾಗದಲ್ಲಿ ಹಳೇ ಹುಬ್ಬಳ್ಳಿಯಲ್ಲಿರುವ ಭಾವಮೈದುನನ ಮನೆಯನ್ನು ಬರೆಸಿದ, ಫೋನ್ ನಂಬರನ್ನೂ ಅವನದೇ ಕೊಟ್ಟ. ಮಾದರಿ ಕೊಟ್ಟ ಸಂಜೆಯೇ ಗೆಳೆಯನ ಬೈಕಿನಲ್ಲಿ ಊರಿಗೆ ಬಂದ. ಮೂರನೆಯ ದಿನ ವರದಿ ಪಾಸಿಟಿವ್ ಬಂದಾಗ ಅದು ಧಾರವಾಡ ಜಿಲ್ಲೆಯ ಲೆಕ್ಕಕ್ಕೆ ಹೋಯಿತು. ಹುಬ್ಬಳ್ಳಿಯ ಕಾರ್ಯಕರ್ತೆಯೊಬ್ಬಳು ಆ ಮನೆಯ ಬಾಗಿಲು ತಟ್ಟಿ, ‘ಇಲ್ಲಿಲ್ಲ’ ಎಂಬ ಉತ್ತರ ಪಡೆದು ಮರಳಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆ ದಿನಗಳಲ್ಲಿ ಒಬ್ಬೊಬ್ಬರ ಕೈಯಲ್ಲಿ ಎಷ್ಟು ಬಾಗಿಲುಗಳ ಪಟ್ಟಿ ಇರುತ್ತಿತ್ತು ಎಂದು ನನಗೆ ಗೊತ್ತು.

ಒಂಬತ್ತು ದಿನ ಅವನು ಎರಡು ಅಂಕಣದ ಮನೆಯಲ್ಲಿ ತಾಯಿ, ಹೆಂಡತಿ, ಇಬ್ಬರು ಮಕ್ಕಳ ಜೊತೆ ಇದ್ದ. ಆ ಒಂಬತ್ತು ದಿನಗಳಲ್ಲಿ ನಾನು ಆ ಮನೆಯ ಮುಂದೆ ಎರಡು ಸಲ ಹಾದು ಹೋಗಿದ್ದೇನೆ. ಒಮ್ಮೆ ಅವನ ತಾಯಿ ಕಟ್ಟೆಯ ಮೇಲೆ ಕುಳಿತು, ‘ಬಿಸಿಲು ಬಹಳವಿದೆ, ನೀರು ಕುಡಿದು ಹೋಗು ತಂಗಿ’ ಎಂದು ಕರೆದರು. ಆಕೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇದ್ದವು. ನನ್ನ ರಿಜಿಸ್ಟರಿನಲ್ಲಿ ಆಕೆಯ ಹೆಸರಿನ ಮುಂದೆ ಎರಡಕ್ಕೂ ಗುರುತು ಹಾಕಿದ್ದೆ, ತಿಂಗಳ ಗುಳಿಗೆಯನ್ನು ನನ್ನ ಕೈಯಾರೆ ಕೊಡುತ್ತಿದ್ದೆ. ಮಗನ ವರದಿ ಬಂದ ದಿನ ನನಗೊಂದು ಕರೆ ಬಂದಿದ್ದರೆ, ನಾನು ಮೊದಲು ಮಾಡುತ್ತಿದ್ದ ಕೆಲಸ ಆಕೆಯ ಬೆರಳಿಗೆ ಆಕ್ಸಿಮೀಟರ್ ಹಚ್ಚುವುದು. ಹತ್ತನೆಯ ರಾತ್ರಿ ಆಕೆಗೆ ಉಸಿರು ಕಟ್ಟಿತು. ಆಂಬುಲೆನ್ಸ್‌ಗೆ ಫೋನ್ ಮಾಡಿ ಕಾದರು, ಕೊನೆಗೆ ಟಂಟಂನಲ್ಲಿ ಹಾಕಿಕೊಂಡು ಹೊರಟರು. ದಾರಿಯಲ್ಲಿಯೇ ಜೀವ ಹೋಯಿತು.

ದಿನಗಳು ಕಳೆದ ಮೇಲೆ, ಯಾಕೆ ಸುಳ್ಳು ವಿಳಾಸ ಬರೆಸಿದೆ ಎಂದು ಅವನನ್ನು ಕೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ: ‘ಅಕ್ಕಾ, ಹೋದ ವರ್ಷ ಆ ಓಣಿಗೆ ಮುಳ್ಳು ಹಾಕಿದವರಲ್ಲಿ ನಾನೂ ಒಬ್ಬ.’

ಮಾನ್ಯರೇ, ಈ ಎರಡು ಸಂಗತಿಗಳನ್ನು ನಾನು ಬೇರೆ ಬೇರೆ ಎಂದು ತಿಳಿದಿಲ್ಲ. ಮೊದಲನೆಯ ಪಟ್ಟಿ ಸೋರದೇ ಇದ್ದಿದ್ದರೆ ಎರಡನೆಯ ವಿಳಾಸ ಸುಳ್ಳಾಗುತ್ತಿರಲಿಲ್ಲ. ಸಾಂಕ್ರಾಮಿಕದ ಹೊತ್ತಿನಲ್ಲಿ ರೋಗಿಯ ಗೋಪ್ಯತೆ ನೋಡುತ್ತಾ ಕುಳಿತರೆ ರೋಗ ತಡೆಯುವುದು ಹೇಗೆ ಎಂದು ಹಲವು ಸಭೆಗಳಲ್ಲಿ ಕೇಳಿದ್ದೇನೆ. ನನ್ನ ಅನುಭವ ಇದಕ್ಕೆ ನೇರ ವಿರುದ್ಧವಾಗಿದೆ. ಹೆಸರು ಬೀದಿಗೆ ಬರುತ್ತದೆ ಎಂದು ಗೊತ್ತಾದ ದಿನದಿಂದ ಜನ ತಪಾಸಣೆಗೆ ಬರುವುದನ್ನು ಬಿಟ್ಟರು, ಬಂದವರು ತಪ್ಪು ನಂಬರ್ ಕೊಟ್ಟರು, ಜ್ವರವಿದ್ದವರು ಮೈಕೈ ನೋವು ಎಂದರು. ಆಮೇಲೆ ಬೆಂಗಳೂರಿನ ವಾರ್ ರೂಮಿನ ಪರದೆಯ ಮೇಲೆ ಎಷ್ಟೇ ಚಂದದ ನಕ್ಷೆ ಮೂಡಿದರೂ, ಅದರ ಕೆಳಗೆ ಇದ್ದದ್ದು ಹೆದರಿದ ಜನ ಬರೆಸಿದ ಲೆಕ್ಕ.

ಈ ವ್ಯವಸ್ಥೆಯ ಒಳಹೊರಗನ್ನು ಬಲ್ಲವಳಾಗಿ ಇನ್ನೂ ಸ್ವಲ್ಪ ಹೇಳಬೇಕು. 2004ರಲ್ಲಿ ದೇಶದಲ್ಲಿ ಸಮಗ್ರ ರೋಗ ಕಣ್ಗಾವಲು ಕಾರ್ಯಕ್ರಮ ಶುರುವಾಯಿತು. ನಾವು ಉಪಕೇಂದ್ರದವರು ಪ್ರತಿ ವಾರ ಎಸ್ ಫಾರ್ಮ್ ತುಂಬಬೇಕಾಗಿತ್ತು. ಜ್ವರ ಎಷ್ಟು, ಕೆಮ್ಮು ಎಷ್ಟು, ವಾಂತಿಭೇದಿ ಎಷ್ಟು ಎಂದು ಲಕ್ಷಣ ನೋಡಿ ಬರೆಯುವುದು ನಮ್ಮ ಪಾಲು. ವೈದ್ಯರು ತಮ್ಮ ಅನುಮಾನವನ್ನು ಪಿ ಫಾರ್ಮ್‌ನಲ್ಲಿ, ಪ್ರಯೋಗಾಲಯದವರು ಖಚಿತವಾದದ್ದನ್ನು ಎಲ್ ಫಾರ್ಮ್‌ನಲ್ಲಿ ಬರೆಯುತ್ತಾರೆ. ಬಹಳ ವಿಚಾರ ಮಾಡಿ ಕಟ್ಟಿದ ಕ್ರಮ ಅದು. ಒಂದೇ ಊರಿನಲ್ಲಿ ಒಂದೇ ವಾರ ವಾಂತಿಭೇದಿ ಏರಿದರೆ, ಪ್ರಯೋಗಾಲಯದ ಉತ್ತರಕ್ಕೆ ಕಾಯದೆ ನೀರಿನ ಪೈಪು ಒಡೆದಿದೆಯೇ ಎಂದು ನೋಡಬಹುದು. ಆಮೇಲೆ ಐಎಚ್‌ಐಪಿ ಎಂಬ ಆರೋಗ್ಯ ಮಾಹಿತಿಯ ಪೋರ್ಟಲ್ ಬಂತು, 2021ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ಅದರ ಹೊಸ ರೂಪ ಜಾರಿಗೆ ಬಂತು. ಕಾಗದದ ಬದಲು ಮೊಬೈಲ್, ವಾರಕ್ಕೊಮ್ಮೆಯ ಬದಲು ಅಂದಂದೇ. ನಾನು ಅದನ್ನು ಮನಸ್ಸಿಟ್ಟು ಕಲಿತೆ. ಕಣ್ಣಿಗೆ ಚಾಳೀಸು ಬಂದ ವಯಸ್ಸಿನಲ್ಲಿ ಕಲಿತೆ.

ಆದರೆ ಇಷ್ಟು ವರ್ಷ ನಾನು ಮೇಲೆ ಕಳುಹಿಸಿದ ಸಂಖ್ಯೆಗಳಲ್ಲಿ ಒಂದಾದರೂ ಅರ್ಥ ಹೊತ್ತು ನನ್ನ ಬಳಿಗೆ ಮರಳಿ ಬಂದ ನೆನಪಿಲ್ಲ. ಪಕ್ಕದ ತಾಲೂಕಿನಲ್ಲಿ ಜ್ವರ ಏರುತ್ತಿದೆ, ನೀನು ಎಚ್ಚರದಿಂದಿರು ಎಂದು ಯಾರೂ ಹೇಳಲಿಲ್ಲ. ವರದಿ ತಡವಾದರೆ ಮಾತ್ರ ಫೋನ್ ಬರುತ್ತಿತ್ತು. ಕೋವಿಡ್ ಕಾಲದಲ್ಲಿ ಇದು ಇನ್ನೂ ಹೆಚ್ಚಾಯಿತು. ಗಂಟಲು ದ್ರವದ ಲೆಕ್ಕ ಐಸಿಎಂಆರ್ ಪೋರ್ಟಲ್‌ನಲ್ಲಿ, ಅದಕ್ಕೊಂದು ಎಸ್‌ಆರ್‌ಎಫ್ ಸಂಖ್ಯೆ. ಲಸಿಕೆಯದು ಕೋವಿನ್‌ನಲ್ಲಿ. ಬಸುರಿಯರದು ಆರ್‌ಸಿಎಚ್ ಪೋರ್ಟಲ್‌ನಲ್ಲಿ, ಕ್ಷಯದವರದು ನಿಕ್ಷಯ್‌ನಲ್ಲಿ, ಸಕ್ಕರೆ ಕಾಯಿಲೆಯವರದು ಇನ್ನೊಂದರಲ್ಲಿ. ಅದೇ ಓಣಿಯ ಅದೇ ಹೆಂಗಸನ್ನು ನಾನು ಐದು ಕಡೆ ಐದು ಸಲ ಬರೆದಿದ್ದೇನೆ, ಅದಕ್ಕೂ ಮೊದಲು ಕಾಗದದ ರಿಜಿಸ್ಟರಿನಲ್ಲಿ ಒಂದು ಸಲ. ಮಗ ಪಾಸಿಟಿವ್ ಎಂದು ಒಂದು ಪೋರ್ಟಲ್‌ಗೆ ಗೊತ್ತಿತ್ತು. ತಾಯಿಗೆ ಸಕ್ಕರೆ ಕಾಯಿಲೆ ಇದೆ ಎಂದು ಇನ್ನೊಂದಕ್ಕೆ ಗೊತ್ತಿತ್ತು. ಇಬ್ಬರೂ ಒಂದೇ ಸೂರಿನಡಿ ಇದ್ದಾರೆ ಎಂದು ನನಗೆ ಗೊತ್ತಿತ್ತು. ಈ ಮೂರೂ ಸೇರಲಿಲ್ಲ.

ಜಿಲ್ಲೆಯ ಗಡಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮೂವರೂ ಜಿಲ್ಲಾಧಿಕಾರಿಗಳಿಗೆ ಒಟ್ಟಿಗೆ ಬರೆಯಲು ಅದೇ ಕಾರಣ. 1997ರವರೆಗೆ ನಾವೆಲ್ಲ ಒಂದೇ ಧಾರವಾಡ ಜಿಲ್ಲೆಯವರು. ಜಿಲ್ಲೆ ಮೂರಾದರೂ ನಮ್ಮ ಜನರ ಕಾಲು ಹಳೆಯ ದಾರಿ ಬಿಟ್ಟಿಲ್ಲ. ಲಕ್ಷ್ಮೇಶ್ವರ, ನರಗುಂದದವರು ಚಿಕಿತ್ಸೆಗೆ ಹುಬ್ಬಳ್ಳಿಯ ಬಸ್ ಹತ್ತುತ್ತಾರೆ. ಶಿಗ್ಗಾವಿ, ಸವಣೂರಿನವರೂ ಹಾಗೆಯೇ. ರಾಣೆಬೆನ್ನೂರಿನವರು ದಾವಣಗೆರೆಗೆ ಹೋಗುತ್ತಾರೆ, ಹಿರೇಕೆರೂರಿನವರಿಗೆ ಶಿವಮೊಗ್ಗವೂ ದೂರವಲ್ಲ. ಗದಗಿನಲ್ಲಿಯೂ ಹಾವೇರಿಯಲ್ಲಿಯೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ನಿಜ. ಆದರೂ ಕಾಯಿಲೆ ಬಲವಾದರೆ ‘ಹುಬ್ಬಳ್ಳಿಗೆ ಒಯ್ಯಿರಿ’ ಎನ್ನುವ ಮಾತು ನಮ್ಮ ಬಾಯಿಗೆ ತಾನಾಗಿ ಬರುತ್ತದೆ. ರೋಗಿ ಎರಡು ಗಂಟೆಯಲ್ಲಿ ಜಿಲ್ಲೆ ದಾಟುತ್ತಾನೆ, ವರದಿ ಒಂಬತ್ತು ದಿನವಾದರೂ ದಾಟುವುದಿಲ್ಲ ಎಂದರೆ ಆ ವರದಿಯಿಂದ ಯಾರಿಗೆ ಪ್ರಯೋಜನ?

ಲೆಕ್ಕ ಸರಿಯಾಗಿಟ್ಟರೆ ಎಷ್ಟು ಉಪಕಾರವಾಗುತ್ತದೆ ಎಂದು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. 1898ರಲ್ಲಿ ಹುಬ್ಬಳ್ಳಿಯನ್ನು ಪ್ಲೇಗ್ ಮುತ್ತಿತು. ಹಿಂದಿನ ವರ್ಷವಷ್ಟೇ ಮುಂಬೈಯಲ್ಲಿ ವಿಜ್ಞಾನಿ ಹಾಫ್‌ಕಿನ್ ಅವರು ಸಿದ್ಧಪಡಿಸಿದ್ದ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನರಿಗೆ ಚುಚ್ಚಲಾಯಿತು. ಲಸಿಕೆ ಪಡೆದವರಲ್ಲಿ ಈ ವಾರ ಎಷ್ಟು ಸಾವು, ಪಡೆಯದವರಲ್ಲಿ ಎಷ್ಟು ಎಂದು ವಾರವಾರವೂ ಎರಡು ಸಾಲಾಗಿ ಬರೆದಿಟ್ಟರು. ಲಸಿಕೆಯ ಬಗ್ಗೆ ಜನರಲ್ಲಿಯೂ ವೈದ್ಯರಲ್ಲಿಯೂ ಗುಮಾನಿ ತುಂಬಿದ್ದ ಕಾಲದಲ್ಲಿ ಹುಬ್ಬಳ್ಳಿಯ ಆ ಪಟ್ಟಿಗಳು ಅದರ ಪರವಾಗಿ ಸಾಕ್ಷಿ ನುಡಿದವು. ಕಂಪ್ಯೂಟರ್ ಇರಲಿಲ್ಲ, ಇದ್ದದ್ದು ಕಾಗದ, ಮಸಿ, ಮತ್ತು ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇವೆ ಎಂಬ ಸ್ಪಷ್ಟತೆ. ನಮ್ಮ ಪೋರ್ಟಲ್‌ಗಳಲ್ಲಿ ನಾನು ಕಾಣದೇ ಹೋದದ್ದು ಈ ಕೊನೆಯದನ್ನು.

ಲಸಿಕೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 2021ರ ಮೇನಲ್ಲಿ 18ರಿಂದ 44 ವರ್ಷದವರಿಗೆ ಕೋವಿನ್‌ನಲ್ಲಿ ಮೊದಲೇ ನೋಂದಣಿ ಕಡ್ಡಾಯವಾಗಿತ್ತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದ ಡೋಸುಗಳನ್ನು ಪಟ್ಟಣದವರು ಕಾರಿನಲ್ಲಿ ಬಂದು ಹಾಕಿಸಿಕೊಂಡು ಹೋದರು. ಒಟಿಪಿ ಎಂದರೇನೆಂದು ತಿಳಿಯದ ನಮ್ಮ ಹೆಣ್ಣುಮಕ್ಕಳು ಬೇವಿನ ಮರದ ಕೆಳಗೆ ನಿಂತು ನೋಡಿದರು. ಯಾರ ಮನೆಯಲ್ಲಿ ಯಾರಿಗೆ ಮೊದಲು ಲಸಿಕೆ ಬೇಕು ಎಂಬ ಮಾಹಿತಿ ಆಶಾ ಕಾರ್ಯಕರ್ತೆಯರು ಮನೆ ಮನೆ ಸುತ್ತಿ ಬರೆದ ಸಮೀಕ್ಷೆಯಲ್ಲಿ ಇತ್ತು. ಆ ಸಮೀಕ್ಷೆಯ ಹಾಳೆಗಳು ಉಪಕೇಂದ್ರದ ಅಲ್ಮೆರಾದಲ್ಲಿಯೇ ಉಳಿದವು.

ಇನ್ನು ಆ ತಾಯಿಯ ಸಾವು. ಪಂಚಾಯಿತಿಯ ದಾಖಲೆಯಲ್ಲಿ ಅದು ಉಸಿರಾಟದ ತೊಂದರೆ. ಮಾದರಿ ತೆಗೆದಿರಲಿಲ್ಲ, ಹಾಗಾಗಿ ಕೋವಿಡ್ ಸಾವಿನ ಲೆಕ್ಕಕ್ಕೆ ಸೇರಲಿಲ್ಲ. ಸುಪ್ರೀಂ ಕೋರ್ಟ್ ಆದೇಶದ ಮೇಲೆ ಕೋವಿಡ್‌ನಿಂದ ಸತ್ತವರ ಕುಟುಂಬಗಳಿಗೆ 50,000 ರೂಪಾಯಿ ಪರಿಹಾರ ಬಂತು. ನಮ್ಮ ರಾಜ್ಯ ಸರ್ಕಾರವೂ ಬಿಪಿಎಲ್ ಕುಟುಂಬಗಳಿಗೆ ಒಂದು ಲಕ್ಷ ಘೋಷಿಸಿತ್ತು. ತಕರಾರಿದ್ದರೆ ಜಿಲ್ಲಾ ಸಮಿತಿಗೆ ಅರ್ಜಿ ಕೊಡಬಹುದಿತ್ತು. ಯಾವ ಕಾಗದ ಹಿಡಿದು ಕೊಡುವುದು? ಮಗನ ವರದಿಯಲ್ಲಿದ್ದದ್ದು ಹಳೇ ಹುಬ್ಬಳ್ಳಿಯ ವಿಳಾಸ. 2020 ಮತ್ತು 2021ರಲ್ಲಿ ಭಾರತದಲ್ಲಿ ಸಹಜಕ್ಕಿಂತ ಸುಮಾರು 47 ಲಕ್ಷ ಹೆಚ್ಚು ಸಾವುಗಳಾದವು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜು ಮಾಡಿತು, ಕೇಂದ್ರ ಸರ್ಕಾರ ಆ ಲೆಕ್ಕದ ವಿಧಾನವನ್ನು ಒಪ್ಪಲಿಲ್ಲ. ಆ ವಾದದಲ್ಲಿ ತೀರ್ಪು ಹೇಳಲು ನಾನು ಯಾರು? ಬರೆಯದೇ ಉಳಿದ ಒಂದು ಸಾವನ್ನು ನಾನು ಬಲ್ಲೆ, ಅಷ್ಟೇ.

ಕೋವಿಡ್ ಮುಗಿಯಿತಲ್ಲ ಎಂದು ತಾವು ಕೇಳಬಹುದು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಆ ಮಳೆಗಾಲದಲ್ಲಿ ನಮ್ಮ ಓಣಿಯ ಹುಡುಗನೊಬ್ಬನನ್ನು ಬೇರೆ ಜಿಲ್ಲೆಯ ಒಂದು ಆಸ್ಪತ್ರೆಗೆ ಸೇರಿಸಿದ್ದರು. ಪ್ಲೇಟ್‌ಲೆಟ್ ಇಳಿದು ಆರು ದಿನ ಅಲ್ಲಿದ್ದ. ನನ್ನ ಜಾಗಕ್ಕೆ ಬಂದಿರುವ ಹುಡುಗಿ ಚುರುಕಿನವಳು, ಆದರೆ ಅವಳಿಗೆ ವಿಷಯ ತಿಳಿದದ್ದು ಹುಡುಗ ಮನೆಗೆ ಬಂದ ಮೇಲೆ, ಅದೂ ನನ್ನ ಬಾಯಿಂದ. ಅಷ್ಟರಲ್ಲಿ ಅದೇ ಓಣಿಯಲ್ಲಿ ಇನ್ನೂ ಮೂವರು ಮಲಗಿದ್ದರು. ಲಾರ್ವಾ ಸಮೀಕ್ಷೆಯವರು ಬಂದು ನೀರಿನ ತೊಟ್ಟಿ ಬರಿದು ಮಾಡಿಸಿದ್ದು ಆಮೇಲೆ.

ನನ್ನ ಕೋರಿಕೆಗಳು ದೊಡ್ಡವಲ್ಲ. ಪ್ರಯೋಗಾಲಯ ಸರ್ಕಾರಿಯಾಗಲಿ ಖಾಸಗಿಯಾಗಲಿ, ಮಾದರಿ ತೆಗೆಯುವಾಗ ‘ಈಗ ಎಲ್ಲಿದ್ದೀರಿ’ ಎಂಬುದರ ಜೊತೆಗೆ ‘ಇಂದು ರಾತ್ರಿ ಯಾವ ಊರಲ್ಲಿ ಮಲಗುತ್ತೀರಿ’ ಎಂದೂ ಕೇಳಲಿ. ಪ್ರತಿ ಗ್ರಾಮಕ್ಕೂ ಸರ್ಕಾರ ಒಂದು ಸಂಕೇತ ಸಂಖ್ಯೆ ಕೊಟ್ಟಿದೆ. ಅದನ್ನು ತಪಾಸಣೆಯ ಫಾರ್ಮ್‌ನಲ್ಲಿ ಕಡ್ಡಾಯ ಮಾಡಿದರೆ, ವರದಿ ಯಾವ ಜಿಲ್ಲೆಯಲ್ಲಿ ಹುಟ್ಟಿದರೂ ಅದೇ ತಾಸಿನಲ್ಲಿ ಸರಿಯಾದ ಉಪಕೇಂದ್ರದ ಮೊಬೈಲ್‌ಗೆ ಹೋಗಬಹುದು. ಅಲ್ಲಿನ ಆರೋಗ್ಯ ಸಿಬ್ಬಂದಿ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ, ಈ ಇಬ್ಬರಿಗೆ ಮಾತ್ರ ಹೆಸರು ಕಾಣಲಿ. ಪಂಚಾಯಿತಿ ಸದಸ್ಯರಿಗೆ, ಪೊಲೀಸರಿಗೆ, ಕಾರ್ಯಪಡೆಯ ವಾಟ್ಸ್‌ಆ್ಯಪ್ ಗುಂಪಿಗೆ ಹೆಸರು ಬೇಕಾಗಿಲ್ಲ, ಸಂಖ್ಯೆ ಸಾಕು. ಹೆಸರಿರುವ ಪಟ್ಟಿಯನ್ನು ಯಾರು, ಯಾವಾಗ ತೆರೆದರು ಎಂಬುದು ತಾನಾಗಿ ದಾಖಲಾಗಲಿ. ಸೋರಿದರೆ ಎಲ್ಲಿ ಸೋರಿತು ಎಂದು ಮರುದಿನವೇ ಹೇಳುವಂತಿರಲಿ.

ಈ ಕೊನೆಯ ಮಾತಿಗೆ ಕಾನೂನಿನ ಕಾರಣವೂ ಇದೆ. ಆರೋಗ್ಯ ಸೇತು ಆ್ಯಪ್‌ನಲ್ಲಿ ಸಂಗ್ರಹಿಸಿದ ಮಾಹಿತಿಯನ್ನು ಬಳಕೆದಾರರ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಹಂಚಿಕೊಳ್ಳಬಾರದು ಎಂದು ನಮ್ಮ ಹೈಕೋರ್ಟ್ 2021ರ ಜನವರಿಯಲ್ಲಿ ಮಧ್ಯಂತರ ಆದೇಶ ಕೊಟ್ಟಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸಾಂಕ್ರಾಮಿಕದ ಸಮಯದಲ್ಲಿ ಚಿಕಿತ್ಸೆ ಮತ್ತು ಆರೋಗ್ಯ ಸೇವೆಗಾಗಿ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಲು ಅವಕಾಶ ಕೊಡುತ್ತದೆ. ಆ ಅವಕಾಶ ಬೇಕು, ನಾನು ಅದರ ವಿರೋಧಿಯಲ್ಲ. ಆದರೆ ಕೇಳದೆ ತೆಗೆದುಕೊಂಡದ್ದನ್ನು, ಕೇಳಿ ತೆಗೆದುಕೊಂಡದ್ದಕ್ಕಿಂತ ಹೆಚ್ಚು ಜತನದಿಂದ ಕಾಯಬೇಕು.

ಇನ್ನು ಮೂರು ಜಿಲ್ಲೆಗಳ ರೋಗ ಕಣ್ಗಾವಲಿನ ಸರ್ವೇಕ್ಷಣಾಧಿಕಾರಿಗಳು ಸೇರಿ ಪ್ರತಿ ಸೋಮವಾರ ಒಂದೇ ಹಾಳೆ ತಯಾರಿಸಲಿ. ಯಾವ ತಾಲೂಕಿನಲ್ಲಿ ಯಾವ ಜ್ವರ ಹೋದ ವಾರಕ್ಕಿಂತ ಏರಿದೆ, ಯಾವುದು ಇಳಿದಿದೆ ಎಂದು ಕನ್ನಡದಲ್ಲಿ ಬರೆದು, ಹೆಸರುಗಳಿಲ್ಲದೆ, ಪ್ರತಿ ಉಪಕೇಂದ್ರಕ್ಕೂ ಕಳುಹಿಸಲಿ, ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಚ್ಚಲಿ. ಜನನ ಮರಣ ನೋಂದಣಿಯ ತಂತ್ರಾಂಶವಾದ ಇ-ಜನ್ಮದಲ್ಲಿ ದಾಖಲಾಗುವ ಸಾವುಗಳ ಸಂಖ್ಯೆಯನ್ನು ಪಂಚಾಯಿತಿವಾರು ತಿಂಗಳು ತಿಂಗಳು ಪ್ರಕಟಿಸಲಿ. ಹಿಂದಿನ ವರ್ಷಗಳ ಅದೇ ತಿಂಗಳ ಸಂಖ್ಯೆ ಪಕ್ಕದಲ್ಲಿದ್ದರೆ, ಊರಿಗೆ ಏನೋ ಬಂದಿದೆ ಎಂದು ಯಾರೂ ಹೇಳದೆಯೂ ತಿಳಿಯುತ್ತದೆ. ಮತ್ತು ದಯವಿಟ್ಟು, ಒಮ್ಮೆ ಬರೆದದ್ದನ್ನು ಐದು ಸಲ ಬರೆಸಬೇಡಿ. ಆ ಹುಡುಗಿಗೆ ಮನೆಗಳಿಗೆ ಹೋಗಲು ಸಮಯ ಉಳಿಯಲಿ.

2020 ಮತ್ತು 2021ರ ನನ್ನ ಸ್ವಂತ ದಿನಚರಿಗಳು ಮನೆಯ ಟ್ರಂಕಿನಲ್ಲಿವೆ. ಪಟ್ಟಿ ಊರಿಗೆ ಎಷ್ಟು ಗಂಟೆಗೆ ಬಂತು, ನನಗೆ ಎಷ್ಟು ಗಂಟೆಗೆ ಬಂತು, ಯಾವ ವರದಿ ಎಷ್ಟು ದಿನ ತಡವಾಯಿತು ಎಂಬುದೆಲ್ಲ ಅವುಗಳಲ್ಲಿದೆ. ತಮ್ಮ ಕಚೇರಿಯಿಂದ ಯಾರನ್ನಾದರೂ ಕಳುಹಿಸಿದರೆ ಪುಟ ಪುಟವನ್ನೂ ತೋರಿಸುತ್ತೇನೆ, ಹೆಸರುಗಳಿರುವ ಕಡೆ ಕಾಗದದ ಪಟ್ಟಿ ಹೊದಿಸಿ.

ತಮ್ಮ ವಿಶ್ವಾಸಿ,
ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ
ಲಕ್ಷ್ಮೇಶ್ವರ ತಾಲೂಕು, ಗದಗ ಜಿಲ್ಲೆ